ಆ ಘಾತ 2 ಅಂತ ಯಾರು ಹೇಳಿದರು?

ತಮ್ಮ: (ಚಿತ್ರ) ಈ ನಕ್ಷೆ ನೋಡಿ ಬಹುಪದೋಕ್ತಿ ಬರೆಯಬೇಕು. −1ರಲ್ಲಿ ಎಕ್ಸ್ ಅಕ್ಷವನ್ನು ಮುಟ್ಟಿ ವಾಪಸ್ ಬರುತ್ತದೆ, 3ರಲ್ಲಿ ದಾಟುತ್ತದೆ. ವೈ ಅಕ್ಷವನ್ನು 6ರಲ್ಲಿ ಕಡಿಯುತ್ತದೆ.

ಚಿಕ್ಕಪ್ಪ: ಸುಲಭ. ಮುಟ್ಟಿ ವಾಪಸ್ ಬಂದರೆ ಆ ಮೂಲ (ಬಹುಪದೋಕ್ತಿ ಸೊನ್ನೆ ಆಗುವ ಎಕ್ಸ್ ಬೆಲೆ) ಎರಡು ಸಲ. (ಎಕ್ಸ್ + 1)²(ಎಕ್ಸ್ − 3). ಮುಗಿಯಿತು.

ಅಕ್ಕ: ಎಲ್ಲಿ ಮುಗಿಯಿತು ಚಿಕ್ಕಪ್ಪ? ಎಕ್ಸ್‌ಗೆ 0 ಹಾಕಿ ನೋಡಿ, −3 ಬರುತ್ತದೆ. ನಕ್ಷೆಯಲ್ಲಿ 6 ಇದೆ ಅಲ್ವಾ?

ಚಿಕ್ಕಪ್ಪ: ಹೌದು, ಮುಂದಿನ ಸಹಗುಣಕ ಬಿಟ್ಟೆ. −2ರಿಂದ ಗುಣಿಸಬೇಕು. −2(ಎಕ್ಸ್ + 1)²(ಎಕ್ಸ್ − 3). ಬಿಡಿಸಿದರೆ −2ಎಕ್ಸ್³ + 2ಎಕ್ಸ್² + 10ಎಕ್ಸ್ + 6. ಕೊನೆಯ 6 ನೋಡು, ಅದೇ ವೈ ಅಕ್ಷದ 6.

ಅಕ್ಕ: ಇದು ಸರಿ. ಆದರೆ ಇದೊಂದೇ ಉತ್ತರ ಅಂದರೆ ನಾನು ಒಪ್ಪುವುದಿಲ್ಲ. (ಎಕ್ಸ್ + 1)ರ ಘಾತ 4 ಮಾಡಿ. ಆಗಲೂ ಮುಟ್ಟಿ ವಾಪಸ್ ಬರುತ್ತದೆ. 0 ಹಾಕಿದರೆ 1ರ ಘಾತ ಎಷ್ಟಾದರೂ 1 ತಾನೆ? ಆಗಲೂ 6.

ಚಿಕ್ಕಪ್ಪ: 4 ಇದ್ದರೆ −1ರ ಹತ್ತಿರ ಗೆರೆ ಜಾಸ್ತಿ ಚಪ್ಪಟೆ ಆಗುತ್ತದೆ. ಚಿತ್ರದಲ್ಲಿ ಹಾಗಿಲ್ಲ.

ಅಕ್ಕ: ಅದನ್ನು ಕಣ್ಣಲ್ಲಿ ಹೇಗೆ ಅಳೆಯುತ್ತೀರಿ? −0.9ರಲ್ಲಿ ನಿಮ್ಮದರ ಎತ್ತರ 0.078, ನನ್ನದು 0.00078. ಇಷ್ಟು ದೊಡ್ಡ ಅಳತೆಯ ಚಿತ್ರದಲ್ಲಿ ಎರಡೂ ಅಕ್ಷಕ್ಕೆ ಅಂಟಿಕೊಂಡ ಹಾಗೇ ಕಾಣುತ್ತವೆ.

ನಾನು: ಇನ್ನೊಂದು ಬಿಂದು ಸಿಕ್ಕರೆ ಸಾಕಲ್ಲ? ಎಕ್ಸ್ 1 ಆದಾಗ ಚಿಕ್ಕಪ್ಪನದು 16, ಅಕ್ಕನದು 64.

ತಮ್ಮ: ಚಿತ್ರದಲ್ಲಿ (1, 16) ಗುರುತು ಮಾಡಿದ್ದಾರೆ.

ಚಿಕ್ಕಪ್ಪ: ನೋಡಿದೆಯಾ!

ಅಕ್ಕ: ಸರಿ, ನನ್ನ 4 ಬಿದ್ದುಹೋಯಿತು. ಈಗ ನಿಮ್ಮ ಉತ್ತರವನ್ನೇ (ಎಕ್ಸ್² − ಎಕ್ಸ್ + 1)ರಿಂದ ಗುಣಿಸಿ. ಇದು 0ಯಲ್ಲೂ 1, 1ರಲ್ಲೂ 1. ಯಾವ ವಾಸ್ತವ ಸಂಖ್ಯೆ ಹಾಕಿದರೂ ಸೊನ್ನೆ ಆಗುವುದಿಲ್ಲ, ಹಾಗಾಗಿ ನಕ್ಷೆಯಲ್ಲಿ ಹೊಸ ಮೂಲ ಬರುವುದಿಲ್ಲ. ಆ ಎರಡು ಮೂಲ, ಆ ಎರಡು ಬಿಂದು ಹಾಗೇ ಇರುತ್ತವೆ. ಡಿಗ್ರಿ, ಅಂದರೆ ಎಕ್ಸ್‌ನ ಅತಿ ದೊಡ್ಡ ಘಾತ, ಮಾತ್ರ 5.

ಚಿಕ್ಕಪ್ಪ: ಕಾಗದದ ಮೇಲೆ ಗುಣಿಸಿ ನೋಡಿದೆ. ನೀನು ಹೇಳಿದ್ದು ಸರಿ. ಆದರೆ ಸುಮ್ನೆ ಹುಡುಗನ ತಲೆ ಕೆಡಿಸಬೇಕಾ?

ಅಕ್ಕ: ಅವನಿಗೇ ಗೊತ್ತಾಗಬೇಕು ಚಿಕ್ಕಪ್ಪ. ಡಿಗ್ರಿ 3 ಅಂತ ಕೊಟ್ಟಿದ್ದರೆ ಬೇರೆ ಮಾತೇ ಇಲ್ಲ. −1ಕ್ಕೆ ಕನಿಷ್ಠ 2, 3ಕ್ಕೆ ಕನಿಷ್ಠ 1, ಅಲ್ಲಿಗೆ ಡಿಗ್ರಿ ತುಂಬಿತು. ಇನ್ನೊಂದು ಅಪವರ್ತನಕ್ಕೆ ಜಾಗವೇ ಇಲ್ಲ. ಪ್ರಶ್ನೆಯಲ್ಲಿ ಆ ಒಂದು ಮಾತು ಬಿಟ್ಟಿದ್ದಾರೆ.

ತಮ್ಮ: ಹಾಗಾದರೆ ‘ಅತಿ ಕಡಿಮೆ ಡಿಗ್ರಿಯದು’ ಅಂತ ಸೇರಿಸಿ ಚಿಕ್ಕಪ್ಪನ ಉತ್ತರ ಬರೆಯುತ್ತೇನೆ.

ಚಿಕ್ಕಪ್ಪ: ಬರಿ. −2 ಮರೆಯಬೇಡ.