ಎಣ್ಣೆ ಟ್ಯಾಂಕ್ ತುಂಬಿತು, ಕರೆಂಟ್ ಬಿಲ್ಲಿಗೆ ಏನು ಮಾಡೋದು?

ಪ್ರಶ್ನೆ: ಮೇಡಂ, ನಮಸ್ಕಾರ. ನಾವಿರುವುದು ನ್ಯೂಯಾರ್ಕ್ ರಾಜ್ಯದ ಆಲ್ಬನಿ ಹತ್ತಿರ, ಮನೆಯಲ್ಲಿ ಎಲ್ಲರೂ ಸಿಟಿಜನ್ಸ್. ಯಜಮಾನರ ಕೆಲಸ ಹೋಗಿ ನಾಲ್ಕು ತಿಂಗಳು. ಮನೆ ಬಿಸಿ ಮಾಡುವ ಎಣ್ಣೆಯ ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿಳಿದಾಗ ಹೀಪ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಇಂಧನ ನೆರವು) ತುರ್ತು ನೆರವಿಗೆ ಅರ್ಜಿ ಹಾಕಿದೆವು, ಎಣ್ಣೆ ಬಂತು. ಈಗ 640 ಡಾಲರ್ ಕರೆಂಟ್ ಬಾಕಿ, ಕಡಿತದ ನೋಟಿಸೂ ಬಂದಿದೆ. ನೀರಿನ ಬಿಲ್ಲು ಬೇರೆ. ಹೀಪ್ ಇದಕ್ಕೆಲ್ಲ ಕೊಡುತ್ತೆ ಅಲ್ವಾ?

ಉತ್ತರ: ಎಲ್ಲದಕ್ಕೂ ಇಲ್ಲಮ್ಮ. ಹೀಪ್ ಹಣ ಬರುವುದು ಕೇಂದ್ರ ಸರ್ಕಾರದ 1981ರ ಲೈಹೀಪ್ ಯೋಜನೆಯಿಂದ. ಮನೆಯನ್ನು ಬಿಸಿ ಅಥವಾ ತಂಪು ಮಾಡುವ ಖರ್ಚಿಗೆ ಮಾತ್ರ ಅದು. ಫ್ರಿಜ್, ಡ್ರೈಯರ್, ಟಿವಿ ಅದರ ಲೆಕ್ಕಕ್ಕೆ ಬರುವುದಿಲ್ಲ. ನೀರಿನ ಬಿಲ್ಲಂತೂ ಇಲ್ಲವೇ ಇಲ್ಲ. ಕೋವಿಡ್ ಸಮಯದಲ್ಲಿ ಅದಕ್ಕೊಂದು ಬೇರೆ ಯೋಜನೆ ಇತ್ತು, ಮುಗಿದುಹೋಯಿತು.

ಆದರೆ ನಿಮ್ಮದು ಎಣ್ಣೆ ಫರ್ನೇಸ್, ಅಂದರೆ ಎಣ್ಣೆ ಉರಿಸಿ ಮನೆ ಬಿಸಿ ಮಾಡುವ ಯಂತ್ರ. ಟ್ಯಾಂಕ್ ತುಂಬ ಎಣ್ಣೆ ಇದ್ದರೂ ಕರೆಂಟ್ ಇಲ್ಲದಿದ್ದರೆ ಬರ್ನರ್ ಹತ್ತುವುದಿಲ್ಲ, ಫ್ಯಾನ್ ತಿರುಗುವುದಿಲ್ಲ. ನಾನು ಹೀಪ್ ಅರ್ಜಿ ಮೇಜಿನಲ್ಲಿ ಕೂತು ಹನ್ನೊಂದು ಚಳಿಗಾಲ ಆಯ್ತು, ಜನ ಹೇಳಲು ಮರೆಯುವುದೇ ಇದನ್ನ. ಕಡಿತದ ನೋಟಿಸ್ ಹಿಡಿದುಕೊಂಡು ಹೋಗಿ, "ಈ ಕರೆಂಟ್ ಹೋದರೆ ನಮ್ಮ ಹೀಟ್ ಹೋಗುತ್ತೆ" ಅಂತ ಬಾಯಿಬಿಟ್ಟು ಹೇಳಿ. ಹೀಟಿಂಗಿಗೆ ಬೇಕಾದ ಕರೆಂಟಿಗೆ ಇಲ್ಲಿ ಬೇರೆ ತುರ್ತು ನೆರವಿದೆ. ಸಿಕ್ಕರೆ ಕಂಪನಿಗೇ ನೇರ ಕಟ್ಟುತ್ತಾರೆ. ಪೂರ್ತಿ 640 ಬರುತ್ತೆ ಅಂತ ಮಾತ್ರ ನೆಚ್ಚಿಕೊಳ್ಳಬೇಡಿ.

ಅಂದ ಹಾಗೆ, ಎಣ್ಣೆ ಹೀಟ್ ಇರೋ ಮನೆಗೆ ಇಷ್ಟು ಬಿಲ್ಲು ಹೇಗೆ ಬಂತು? ಸ್ಪೇಸ್ ಹೀಟರ್, ಅಂದರೆ ರೂಮಲ್ಲಿಡುವ ಕರೆಂಟ್ ಹೀಟರ್, ಇದೆಯಾ?

ಪ್ರಶ್ನೆ ಕೇಳಿದವರು: ಇದೆ ಮೇಡಂ. ಎಣ್ಣೆ ಉಳಿಯಲಿ ಅಂತ ಥರ್ಮೋಸ್ಟಾಟ್ ಇಳಿಸಿ, ಅತ್ತೆ ರೂಮಲ್ಲಿ ಒಂದು, ಮಕ್ಕಳ ರೂಮಲ್ಲಿ ಒಂದು ಇಟ್ಟಿದ್ದೇವೆ. ರಾತ್ರಿಯೆಲ್ಲ ಉರಿಯುತ್ತೆ. ಬಿಲ್ಲನ್ನ ಕಂತಲ್ಲಿ ಕಟ್ತೀವಿ ಅಂದರೆ ಕಂಪನಿಯವರು ಮೊದಲು 300 ಕಟ್ಟಿ ಅಂತಾರೆ.

ಉತ್ತರ: ಅದೇ ನೋಡಿ. 1500 ವ್ಯಾಟಿನ ಹೀಟರ್ ಹತ್ತು ಗಂಟೆ ಉರಿದರೆ 15 ಯೂನಿಟ್. ಎರಡಕ್ಕೆ ತಿಂಗಳಿಗೆ 900. ಯೂನಿಟ್ಟಿಗೆ 20 ಸೆಂಟ್ ಅಂತ ಹಿಡಿದರೂ 180 ಡಾಲರ್! ಎಣ್ಣೆ ಉಳಿಸಲು ಹೋಗಿ ಕರೆಂಟಿಗೆ ಸುರಿದಿರಿ. ಬಾಗಿಲ ಸಂದಿಗೆ ಹಳೇ ಟವೆಲ್ ತುರುಕಿ, ಮಕ್ಕಳು ಅಜ್ಜಿ ರೂಮಲ್ಲೇ ಮಲಗಲಿ. ಒಂದು ಹೀಟರ್ ಸಾಕು. ಗೋಡೆ ಸಾಕೆಟ್ಟಿಗೇ ಹಾಕಿ, ಎಕ್ಸ್‌ಟೆನ್ಷನ್ ಬೇಡ.

300ಕ್ಕೆ ಸುಮ್ನೆ ತಲೆಯಾಡಿಸಬೇಡಿ. ಈ ರಾಜ್ಯದಲ್ಲಿ ನಿಮ್ಮ ಆದಾಯ ನೋಡಿ ಕಂತು ಹಾಕಬೇಕು ಅಂತ ಕಾನೂನೇ ಇದೆ. ತೀರಾ ಕಷ್ಟ ಇದ್ದರೆ ಮುಂಗಡ ಸೊನ್ನೆ, ತಿಂಗಳಿಗೆ 10 ಡಾಲರಿನವರೆಗೂ ಇಳಿಸಬಹುದು. ಆದಾಯ-ಖರ್ಚಿನ ಫಾರ್ಮ್ ಕೊಡಿ ಅಂತ ಕೇಳಿ. ಅತ್ತೆಯವರಿಗೆ ಉಸಿರಾಟದ ಗಿಸಿರಾಟದ ತೊಂದರೆ ಇದ್ದರೆ ಡಾಕ್ಟರ್ ಪತ್ರ ಕೊಡಿಸಿ, 30 ದಿನ ಕಡಿತ ನಿಲ್ಲುತ್ತೆ.

ಪ್ರಶ್ನೆ ಕೇಳಿದವರು: ಆಸ್ತಮಾ ಇದೆ! ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡ್ತೀನಿ.

ಉತ್ತರ: ನಾಳೆ ಬೆಳಿಗ್ಗೆ ಮೊದಲು ಕರೆಂಟ್ ಕಂಪನಿಗೆ ಮಾಡಿ, ಪತ್ರ ಬರ್ತಾ ಇದೆ ಅಂತ ಹೇಳಿ. ಆಮೇಲೆ ಡಾಕ್ಟರಿಗೆ.