ಅಪ್ಪನ ಮೂತ್ರನಾಳದಲ್ಲಿ ಪಾಲಿಪ್: ಕಿಡ್ನಿ ತೆಗೀಬೇಕಾಗುತ್ತಾ?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಅಡಿಕೆ ಕೊಯ್ಲಿನ ಹೊತ್ತಿಗೆ ಅಪ್ಪನಿಗೆ ಪಕ್ಕೆ ನೋವು ಶುರುವಾಯಿತು, ಮೂತ್ರದಲ್ಲಿ ರಕ್ತವೂ ಬಂತು. ಕಲ್ಲಿರಬಹುದು ಅಂದುಕೊಂಡು ಶಿವಮೊಗ್ಗದಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದರೆ ಕಲ್ಲಿಲ್ಲ, ಕಿಡ್ನಿಯಿಂದ ಇಳಿಯುವ ನಾಳದೊಳಗೆ ಉದ್ದಕ್ಕೆ ಏನೋ ಬೆಳೆದಿದೆ, ಪಾಲಿಪ್ ಇರಬಹುದು ಅಂದರು. ಕಿಡ್ನಿನೇ ತೆಗೀತಾರಾ?

ಉತ್ತರ 1: ಬರೀ ಸ್ಕ್ಯಾನ್ ನೋಡಿ ಅದನ್ನು ತೀರ್ಮಾನಿಸಬೇಡಿ. ಮೊದಲು ಯುರೆಟೆರೋಸ್ಕೋಪಿ ಮಾಡಿಸಿ, ಮೂತ್ರದ ದಾರಿಯಲ್ಲೇ ಸಪೂರ ಕ್ಯಾಮೆರಾ ಹಾಕಿ ನೋಡುತ್ತಾರೆ. ಫೈಬ್ರೋಎಪಿಥೀಲಿಯಲ್ ಪಾಲಿಪ್ (ಕ್ಯಾನ್ಸರ್ ಅಲ್ಲದ ಬೆಳವಣಿಗೆ) ಆದರೆ ಸಾಮಾನ್ಯವಾಗಿ ಮೈ ನುಣುಪಾಗಿದ್ದು ತೊಟ್ಟಿಗೆ ಜೋತುಬಿದ್ದಿರುತ್ತದೆ. ಕ್ಯಾನ್ಸರ್ ಅಲ್ಲ ಅಂತ ಬಯಾಪ್ಸಿಯೇ (ಚೂರು ತೆಗೆದು ಮಾಡುವ ಪರೀಕ್ಷೆ) ಹೇಳಬೇಕು. ಆಮೇಲೆ ಬುಡದಲ್ಲಿ ಲೇಸರ್‌ನಿಂದ ಕತ್ತರಿಸಿದರೆ ಸಾಕು, ಕಿಡ್ನಿ ಉಳಿಯುತ್ತೆ.

ಉತ್ತರ 2: ನಮ್ಮ ಭಾವನಿಗೂ ಹೀಗೇ ಮಾಡಿದ್ದರು. ಆಮೇಲೆ ನಾಳದೊಳಗೆ ಸ್ಟೆಂಟ್ ಅಂತ ಒಂದು ಸಪೂರ ಕೊಳವೆ ಇಡುತ್ತಾರೆ, ಆಗಾಗ ಮೂತ್ರಕ್ಕೆ ಅವಸರ, ಸ್ವಲ್ಪ ಉರಿ ಇರುತ್ತೆ. ಜ್ವರ, ಚಳಿ ಬಂದರೆ ಮಾತ್ರ ಕಾಯಬೇಡಿ, ತಕ್ಷಣ ತೋರಿಸಿ. ಹೇಳಿದ ದಿನಕ್ಕೆ ಸ್ಟೆಂಟ್ ತೆಗೆಸಲೇಬೇಕು.