ಎರಡು ಎಕ್ಕ ಬಂದಾಗ ರೈಸ್ ಮಾಡಬೇಕಾ, ಕಾಯಬೇಕಾ?

ಪ್ರಶ್ನೆ: ಭಾನುವಾರ ಸಂಜೆ ದಾವಣಗೆರೆಯ ವಿದ್ಯಾನಗರದ ನಮ್ಮ ಮನೆ ಮಹಡಿ ಮೇಲೆ ಆರು ಜನ ಸೇರಿ ಟೆಕ್ಸಾಸ್ ಹೋಲ್ಡೆಮ್ (ಕೈಗೆ ಎರಡೆಲೆ, ಮಧ್ಯೆ ಎಲ್ಲರಿಗೂ ಸೇರಿ ಐದೆಲೆ ಇರುವ ಪೋಕರ್ ಇಸ್ಪೀಟಾಟ) ಆಡುತ್ತೇವೆ. ದುಡ್ಡಿಲ್ಲ, ಹುಣಸೆ ಬೀಜವೇ ಚಿಪ್ಸ್. ಪಕ್ಕದಲ್ಲಿ ಮಂಡಕ್ಕಿ, ಮಿರ್ಚಿ. ಫೋಲ್ಡ್ ಮಾಡುವವರೇ (ಎಲೆ ಕೆಳಗಿಟ್ಟು ಆ ಆಟ ಬಿಡುವವರೇ) ಇಲ್ಲ. ಕೈಗೆ ಎರಡು ಎಕ್ಕ ಬಂದರೆ ಸುಮ್ನೆ ಕಾಲ್ ಮಾಡಿ (ಬೇರೆಯವರು ಕಟ್ಟಿದಷ್ಟೇ ಕಟ್ಟಿ) ಕಾಯಬೇಕು ಅಂತಾರೆ ನಮ್ಮ ಭಾವ. ನನಗೆ ರೈಸ್ ಮಾಡೋದೇ (ಪಣ ಏರಿಸೋದೇ) ಸರಿ ಅನ್ನಿಸುತ್ತೆ. ನೀವೇನಂತೀರಿ?

ಉತ್ತರ 1: ರೈಸ್ ಮಾಡಿ. ಎದುರಿಗೆ ಒಬ್ಬರೇ ಇದ್ದರೆ ಜೋಡಿ ಎಕ್ಕ ನೂರಕ್ಕೆ ಸರಾಸರಿ 85 ಸಲ ಗೆಲ್ಲುತ್ತೆ. ಐವರೂ ಕೊನೆವರೆಗೆ ಉಳಿದರೆ ಅದು 50ರ ಹತ್ತಿರಕ್ಕೆ ಇಳಿಯುತ್ತೆ. ಸಾಮಾನ್ಯವಾಗಿ ದೊಡ್ಡ ಬ್ಲೈಂಡ್‌ನ (ಎಲೆ ನೋಡುವ ಮೊದಲೇ ಒಬ್ಬರು ಕಟ್ಟಲೇಬೇಕಾದ ಪಣದ) ಮೂರು ಪಟ್ಟು ಸಾಕು. ನಿಮ್ಮ ಗುಂಪಿಗೆ ಸಾಲದು, ಐದಾರು ಪಟ್ಟು ಹಾಕಿ.

ಪ್ರಶ್ನೆ ಕೇಳಿದವರು: ಅಷ್ಟು ಹಾಕಿದರೆ ಎಲ್ಲರೂ ಎದ್ದು ಹೋಗ್ತಾರೆ ಅಂತಾರೆ ಭಾವ. 221 ಸಲಕ್ಕೆ ಒಮ್ಮೆ ಬರೋ ಕೈ ಅಲ್ವಾ!

ಉತ್ತರ 1: ಯಾರೂ ಫೋಲ್ಡ್ ಮಾಡಲ್ಲ ಅಂತ ನೀವೇ ಹೇಳಿದ್ರಲ್ಲ. ಒಬ್ಬಿಬ್ಬರು ಉಳಿದರೂ ನಿಮಗೆ ಒಳ್ಳೇದೇ.

ಉತ್ತರ 2: ನಾನೂ ಒಪ್ತೀನಿ. ಆದರೆ ಜೋಡಿ ಗುಲಾಮ ಬಂದಾಗ ಇಷ್ಟು ಧೈರ್ಯ ಬೇಡ. ಫ್ಲಾಪ್‌ನ, ಅಂದರೆ ಮಧ್ಯೆ ಮೊದಲು ತೆರೆಯುವ, ಮೂರು ಎಲೆಯಲ್ಲಿ ಗುಲಾಮನಿಗಿಂತ ದೊಡ್ಡದಾದ ರಾಣಿ, ರಾಜ ಇಲ್ಲವೇ ಎಕ್ಕ ಬೀಳುವ ಸಾಧ್ಯತೆಯೇ ಜಾಸ್ತಿ, ಸುಮಾರು 57%. ಮೊದಲು ರೈಸ್ ಮಾಡಿ. ಹಾಗೆ ಬಿದ್ದ ಮೇಲೆ ಇಬ್ಬರು ಜೋರಾಗಿ ಬೆಟ್ ಕಟ್ಟಿದರೆ ಎಲೆ ಕೆಳಗಿಡಿ.